ಮದುವೆ ಒಲೆಯ ಕೆಳಗೆ ಮಲಗಿದ್ದ ಆಮೆಗಳು

ಒಲೆ ಎಲ್ಲಿ ಹೂಡಬೇಕೆಂದು ಗಾಳಿ ನೋಡಿ ಗೊತ್ತು ಮಾಡುವುದು ಸಪರ್‌ನ ಕೆಲಸ. ನುರೋಟಾ ಊರಿನ ಆ ಕೇರಿಯಲ್ಲಿ ಯಾರ ಮನೆಯ ಮದುವೆಯಾದರೂ ಪಲಾವಿನ ಕೊಪ್ಪರಿಗೆ ಒಲೆಗೇರುವುದೂ ಇಳಿಯುವುದೂ ಅವನ ಮಾತಿನ ಮೇಲೆಯೇ. ಎಗಂಬೆರ್ದಿಯ ಮಗಳ ಮದುವೆಯ ಹಿಂದಿನ ದಿನ, ನವೆಂಬರ್‌ನ ಒಣ ಬೆಳಿಗ್ಗೆ, ಅವನು ಹಿತ್ತಲ ನಡುವೆ ನಿಂತು ಒಂದು ಹಿಡಿ ಮಣ್ಣನ್ನು ಮೇಲಕ್ಕೆ ತೂರಿದ. ಮಣ್ಣು ಮನೆಯ ಕಡೆಗೆ ಹಾರಿತು. ತಲೆಯಾಡಿಸಿ, ಪೂರ್ವದ ಗೋಡೆಯ ಬದಿಗೆ ನಡೆದು ಮತ್ತೊಮ್ಮೆ ತೂರಿದ. ಈ ಸಲ ಮಣ್ಣು ಗೋಡೆಯಾಚೆ ಹೋಯಿತು. ಕಾಲಿನಿಂದ ನೆಲ ಒತ್ತಿ ನೋಡಿದ.

"ಇಲ್ಲೇ ಕಣ್ರಪ್ಪಾ. ಮಣ್ಣೂ ಮೆತ್ತಗಿದೆ, ತೋಡೋಕೆ ಸಲೀಸು. ಹೊಗೆ ನೆಂಟರ ಮೂಗಿಗೆ ಹೋಗಲ್ಲ."

ಕೂಲಿ ಇಲ್ಲದೆ ಕೇರಿಯವರೆಲ್ಲ ಸೇರಿ ಒಬ್ಬರ ಮನೆಯ ಕೆಲಸ ಮುಗಿಸಿಕೊಡುವ ಹಶರ್ ಅದು. ಗಂಡಸರು ಇಟ್ಟಿಗೆ, ಸಲಿಕೆ, ಸೌದೆ ಹೊತ್ತು ತಂದಿದ್ದರು. ಇಂಥ ದಿನ ಮನೆಯ ಯಜಮಾನ ಬಾಗಿಲಲ್ಲಿ ನಿಂತು ಎದೆಯ ಮೇಲೆ ಕೈಯಿಟ್ಟು ಬಂದವರಿಗೆಲ್ಲ ತಲೆಬಾಗಬೇಕು. ಅದು ಹೀಗಿರಲಿ, ಇದು ಹಾಗಿರಲಿ ಎಂದು ಅಪ್ಪಣೆ ಕೊಡುವವನು ಅವನಲ್ಲ. ಹೆಣ್ಣಿನ ತಂದೆಯಂತೂ ಅಲ್ಲವೇ ಅಲ್ಲ. ಆ ದಿನ ಮನೆ ಕೇರಿಯ ಕೈಯಲ್ಲಿರುತ್ತದೆ.

ಎಗಂಬೆರ್ದಿ ಬಾಗಿಲ ಬಳಿಯಿಂದಲೇ ನೋಡಿದ. ಸಪರ್ ಕಾಲಿಟ್ಟಿದ್ದ ಆ ಮೆತ್ತನೆ ಮಣ್ಣಿನ ಕೆಳಗೆ ತಾನು ಸಾಕಿದ ಐದು ಹೆಣ್ಣಾಮೆಗಳು ಮಲಗಿದ್ದವು. ಬೇಸಿಗೆಯ ಬಿಸಿಲಿಗೆ ಹುಲ್ಲು ಸುಟ್ಟುಹೋದಾಗ ಮಣ್ಣಿಗಿಳಿದವು, ಇನ್ನು ಮಾರ್ಚ್‌ನ ಮಳೆಗೇ ಮೇಲೇಳುವುದು. ಅಲ್ಲಿಯವರೆಗೆ ಹೊರಗಿನವರ ಕಣ್ಣಿಗೆ ಅದು ಬರಿದಾದ ಅಂಗಳ. ಅವನು ಎದೆಯ ಮೇಲಿದ್ದ ಕೈ ತೆಗೆದು ಎರಡು ಹೆಜ್ಜೆ ಮುಂದಿಟ್ಟ. ಬಾಯಿ ತೆರೆದ.

ಅಷ್ಟರಲ್ಲಿ ಸಪರ್ ಅವನತ್ತ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಕೂಗಿದ. "ಏನೋ ಎಗಂಬೆರ್ದಿ, ಮಗಳು ಹೋದ್ಮೇಲೆ ಏನು ಮಾಡ್ತೀಯಾ? ನಿನ್ನ ಆಮೆಗಳಿಗೂ ಒಂದೊಂದು ಗಂಡು ಹುಡುಕಿಬಿಡೋಣ್ವಾ? ಒಲೆ ಹೇಗೂ ಹೂಡಿದ್ದೀವಿ!"

ಇಪ್ಪತ್ತು ಗಂಡಸರು ನಕ್ಕರು. ಬಾಗಿಲಲ್ಲಿ ಗಂಡಿನ ಕಡೆಯ ಇಬ್ಬರು ಹಿರಿಯರು ಆಗಷ್ಟೇ ಕಾರಿನಿಂದ ಇಳಿಯುತ್ತಿದ್ದರು. ಅವರೂ ಏನೆಂದು ತಿಳಿಯದೆಯೇ ನಕ್ಕರು. ಎಗಂಬೆರ್ದಿಯೂ ನಕ್ಕ. ಕೈಯನ್ನು ಮತ್ತೆ ಎದೆಯ ಮೇಲಿಟ್ಟುಕೊಂಡು ಹಿರಿಯರ ಕಡೆ ತಿರುಗಿದ. ಬೆನ್ನ ಹಿಂದೆ ಮೊದಲ ಸಲಿಕೆ ಮಣ್ಣಿಗಿಳಿದ ಸದ್ದು ಕೇಳಿಸಿತು.

ಎಗಂಬೆರ್ದಿಗೆ ಆಮೆಗಳು ಗಂಟುಬಿದ್ದದ್ದು ಪ್ರೀತಿಯಿಂದಲ್ಲ. ಚಿಕ್ಕ ವಯಸ್ಸಿನಲ್ಲಿ ಅವನು ಗುಡ್ಡದ ತಪ್ಪಲಲ್ಲಿ ಆಮೆ ಆಯುತ್ತಿದ್ದ. ಏಪ್ರಿಲ್ ಬಂತೆಂದರೆ, ಗಸಗಸೆ ಹೂ ಕೆಂಪಗೆ ಅರಳಿದ ಬಯಲಲ್ಲಿ ಗೋಣಿಚೀಲ ಹಿಡಿದು ನಡೆದರೆ ಸಾಕಿತ್ತು, ಹೆಜ್ಜೆಗೊಂದು ಸಿಗುತ್ತಿತ್ತು. ಸಂಜೆಗೆ ಲಾರಿ ಬರುತ್ತಿತ್ತು. ತುಂಬಿದ ಚೀಲಗಳನ್ನು ಲಾರಿಗೆ ಎಸೆಯುವುದು, ಪಟ್ಟಣದ ಗೋದಾಮಿನಲ್ಲಿ ಇಳಿಸುವುದು, ಮರದ ಪೆಟ್ಟಿಗೆಗಳಿಗೆ ಸುರಿಯುವುದು. ಅಲ್ಲಿಂದ ಅವು ಎಲ್ಲಿಗೆ ಹೋಗುತ್ತವೆಂದು ಯಾರೂ ಕೇಳುತ್ತಿರಲಿಲ್ಲ. ದೂರದ ದೇಶದ ಮಕ್ಕಳು ಆಟಕ್ಕೆ ಸಾಕುತ್ತಾರಂತೆ ಎಂಬಷ್ಟೇ ಗೊತ್ತಿತ್ತು.

ಚೀಲ ಸುರಿಯುವಾಗ ಅವನದೊಂದು ರೂಢಿ ಇತ್ತು. ಮೇಲಿನ ಮುಕ್ಕಾಲು ಪಾಲನ್ನು ತಾನು ಖಾಲಿ ಮಾಡುತ್ತಿದ್ದ. ತಳದಲ್ಲಿ ಉಳಿದದ್ದನ್ನು ಜೊತೆಯವನಿಗೆ ದಾಟಿಸಿ ಸಿಗರೇಟು ಹಚ್ಚಲು ಹೊರಗೆ ಹೋಗುತ್ತಿದ್ದ. ತಳದಲ್ಲಿ ಏನಿರುತ್ತದೆಂದು ಅವನಿಗೆ ಗೊತ್ತಿತ್ತು. ದಿನವಿಡೀ ಬಿಸಿಲಲ್ಲಿ, ಮೇಲಿನವುಗಳ ಭಾರದಡಿ ಬಿದ್ದವು ಹೇಗಾಗಿರುತ್ತವೆಂದು ಊಹಿಸಲು ನೋಡಬೇಕಾಗಿರಲಿಲ್ಲ. ನೋಡದೆ ಇರುವುದನ್ನು ಅವನು ಆ ಗೋದಾಮಿನಲ್ಲೇ ಕಲಿತ.

ಮೊದಲ ಆಮೆ ಕುಂಟಿ ಸಿಕ್ಕಿದ್ದು ಆ ಕೆಲಸದ ಕೊನೆಯ ವರ್ಷ. ಅವನೇ ಎಸೆದ ಚೀಲ ಲಾರಿಯ ಕಬ್ಬಿಣದ ಅಂಚಿಗೆ ಬಡಿದಿತ್ತು. ಬಿಚ್ಚಿದಾಗ ಮೇಲೆಯೇ ಒಂದು ದೊಡ್ಡ ಹೆಣ್ಣಾಮೆ ಇತ್ತು. ಬೆನ್ನ ಚಿಪ್ಪು ಬಲಗಡೆ ಬಿರುಕುಬಿಟ್ಟು ಒಳಗಿನ ನಸುಗೆಂಪು ಕಾಣುತ್ತಿತ್ತು, ಹಿಂಗಾಲು ನೇತಾಡುತ್ತಿತ್ತು. ಅದು ಕತ್ತು ಚಾಚಿ ಅವನನ್ನೇ ನೋಡುತ್ತಿತ್ತು. ಕೊಳ್ಳುವವನು "ಒಡೆದದ್ದು ಬೇಡ" ಎಂದು ಬದಿಗೆ ಎಸೆದ. ಎಗಂಬೆರ್ದಿ ಅದನ್ನು ಟೋಪಿಯಲ್ಲಿಟ್ಟುಕೊಂಡು ಮನೆಗೆ ತಂದ. ಮುಂದಿನ ವಸಂತಕ್ಕೆ ಅವನು ಗುಡ್ಡಕ್ಕೆ ಹೋಗಲಿಲ್ಲ. ಕೇಳಿದವರಿಗೆ ಮಂಡಿ ನೋವೆಂದ.

ಮೊದಮೊದಲು ಎಲ್ಲವೂ ತಪ್ಪೇ ಆಗುತ್ತಿತ್ತು. ಕುಂಟಿಯನ್ನು ಕೋಳಿಗೂಡಿನ ಮೂಲೆಯಲ್ಲಿಟ್ಟ. ಅದು ಮೂಲೆಗೆ ಒತ್ತಿ ಒತ್ತಿ ಹತ್ತಲು ಹೋಗಿ ಬೆನ್ನಡಿಯಾಗಿ ಬಿಸಿಲಲ್ಲಿ ಬಿದ್ದಿತ್ತು. ಹಾಗಾಗಿ ಆಮೆಯ ಅಂಗಳಕ್ಕೆ ಮೂಲೆಗಳೇ ಇರಬಾರದೆಂದು ಕಲಿತು, ಪೂರ್ವದ ಗೋಡೆಯ ಬದಿಗೆ ಇಟ್ಟಿಗೆಯ ಮೋಟು ಕಟ್ಟೆಯನ್ನು ದುಂಡಗೆ ಕಟ್ಟಿದ. ಕಟ್ಟೆಯ ಕೆಳಗಿನಿಂದ ತೋಡಿಕೊಂಡು ಹೋಗದಂತೆ ಇಟ್ಟಿಗೆಯನ್ನು ನೆಲದೊಳಕ್ಕೂ ಒಂದು ಮೊಳ ಇಳಿಸಿದ. ಬರಿ ಮರಳು ಹಾಕಿದರೆ ಬಿಲ ಕುಸಿಯುತ್ತದೆ, ಬರಿ ಜೇಡಿಯಾದರೆ ತೋಡಲಾಗದು, ಎರಡನ್ನೂ ಕಲಸಿದ. ಚಳಿಗಿಂತ ತೇವವೇ ಹೆಚ್ಚು ಕೊಲ್ಲುತ್ತದೆಂದು ಒಂದು ಕೆಟ್ಟ ಮಳೆಗಾಲ ಹೇಳಿಕೊಟ್ಟಮೇಲೆ ಅರ್ಧ ಅಂಗಳಕ್ಕೆ ಇಳಿಜಾರಾಗಿ ತಗಡು ಹೊದಿಸಿದ. ಗಂಡಾಮೆಗಳು ಹೆಣ್ಣಿನ ಕಾಲು ಕಚ್ಚಿ, ಚಿಪ್ಪಿಗೆ ಗುದ್ದಿ ಹೈರಾಣ ಮಾಡುತ್ತಿದ್ದುದರಿಂದ ಅವುಗಳಿಗೆ ಹಿತ್ತಲ ಇನ್ನೊಂದು ತುದಿಯಲ್ಲಿ ಬೇರೆ ಅಂಗಳವಾಯಿತು. ವಸಂತದಲ್ಲಿ ಕೆಲವೇ ದಿನ ಒಟ್ಟಿಗೆ ಬಿಡುತ್ತಿದ್ದ. ಯಾರಾದರೂ ತಮಗೆ ಬೇಡವಾದ ಆಮೆ ತಂದುಕೊಟ್ಟರೆ ಅದನ್ನು ಒಂದು ಇಡೀ ಋತು ದೂರವೇ ಇಟ್ಟು, ಮೂಗು ಸುರಿಯುತ್ತಿಲ್ಲವೆಂದು ಖಾತ್ರಿಯಾದಮೇಲೆ ಉಳಿದವುಗಳ ಜೊತೆ ಬಿಡುತ್ತಿದ್ದ.

ಕೇರಿಯವರು ಪ್ರೀತಿಯಿಂದ ಎಸೆಯುವ ಕರಬೂಜದ ಸಿಪ್ಪೆ, ಒಣ ರೊಟ್ಟಿ ಆಯ್ದು ಆಚೆ ಹಾಕುವುದೇ ಅವನಿಗೊಂದು ಕೆಲಸ. ಅವು ಹೊಟ್ಟೆ ಕೆಡಿಸುತ್ತವೆ; ಆಮೆಗೆ ಬೇಕಾದದ್ದು ಬೀದಿಬದಿಯ ಕಳೆ.

ಮೊದಲ ಸಲ ಕುಂಟಿ ಮೊಟ್ಟೆಯಿಟ್ಟಾಗ ಹೆಂಡತಿ ಅನೋರ್‌ಗುಲ್ ಕೋಳಿಮೊಟ್ಟೆಯ ಹಾಗೆ ದಿನಾ ಹೊರಳಿಸಿ ಹೊರಳಿಸಿ ಇಟ್ಟಳು. ಒಂದೂ ಮರಿಯಾಗಲಿಲ್ಲ. ಮರುವರ್ಷ, ಆಗ ಎರಡನೇ ತರಗತಿಯಲ್ಲಿದ್ದ ಮಗಳು ಜುಲ್ಹುಮೋರ್ ಪ್ರತಿ ಮೊಟ್ಟೆಯ ನೆತ್ತಿಗೂ ಸೀಸದ ಕಡ್ಡಿಯಲ್ಲಿ ಚುಕ್ಕಿಯಿಟ್ಟಳು. ಚುಕ್ಕಿ ಮೇಲೆಯೇ ಇರುವಂತೆ ಎತ್ತಿ, ಒದ್ದೆ ಮರಳಿನ ಬೋಗುಣಿಯಲ್ಲಿ ಹೂತು, ಬೆಚ್ಚಗಿನ ಉಗ್ರಾಣದ ಹಲಗೆಯ ಮೇಲಿಟ್ಟರು. ಬೇಸಿಗೆ ಕಳೆಯುವ ಹೊತ್ತಿಗೆ ಅಕ್ರೋಟಿನಷ್ಟು ದೊಡ್ಡ ಮೂರು ಮರಿಗಳು ಮರಳು ಸರಿಸಿ ತಲೆ ಹೊರಹಾಕಿದವು. "ಅಮ್ಮ ಮುಟ್ಟಿಲ್ಲ ಅಂತ ಬಂದಿವೆ" ಎಂದು ಹುಡುಗಿ ಊರಿಗೆಲ್ಲ ಸಾರಿದಳು. ಕಾಗೆ, ಬೆಕ್ಕು, ಮುಳ್ಳಿಲಿ ತಾಗದಂತೆ ಮರಿಗಳ ಪೆಟ್ಟಿಗೆಗೆ ಬಲೆ ಹೊದಿಸುವುದು ಅಂದಿನಿಂದ ಅವಳ ಪಾಲಿನ ಕೆಲಸ.

ಸಾಕುವುದಕ್ಕೆ ಬೇಕಾದ ಅನುಮತಿಯನ್ನು ಅವನು ಕಚೇರಿಗೆ ಅಲೆದು ಪಡೆದ. ಮರಿ ಕೇಳಿಕೊಂಡು ಬಂದವರ ಮನೆಗೆ ತಾನೇ ಹೋಗಿ ಅಂಗಳ ನೋಡಿ ಬರುತ್ತಿದ್ದ. ನಾಲ್ಕನೇ ಮಹಡಿಯವರಿಗೆ ಇಲ್ಲವೆನ್ನುತ್ತಿದ್ದ. ಊರಿನ ಕಣ್ಣಿಗೆ ಇದು ವಯಸ್ಸಾದವನ ಹುಚ್ಚು. ಅವನ ಮಟ್ಟಿಗೆ ಅದೇನೆಂದು ಅವನು ಯಾರಿಗೂ ಹೇಳಲಿಲ್ಲ. ಕುಂಟಿಯ ಚಿಪ್ಪಿನ ಬಿರುಕು ಬೆಳೆದು ಮುಚ್ಚಿತ್ತು, ಆದರೆ ಅಲ್ಲಿ ಬೆರಳಾಡಿಸಿದರೆ ಏಣು ಈಗಲೂ ಸಿಗುತ್ತಿತ್ತು.

ಒಲೆ ತೋಡಿದ ಮಧ್ಯಾಹ್ನ ಅವನು ಮಗಳ ಕೋಣೆಗೆ ಹೋದ. ಮದುವಣಗಿತ್ತಿ ಹಿತ್ತಲಿಗೆ ಬರುವ ಹಾಗಿರಲಿಲ್ಲ. ಸುತ್ತ ಗೆಳತಿಯರು, ಹೊಲಿಗೆಯವಳು, ಅತ್ತಿಗೆಯರು. ಜುಲ್ಹುಮೋರ್ ಅವರೆಲ್ಲರ ಮಧ್ಯದಿಂದಲೇ ಕೇಳಿದಳು.

"ಅಪ್ಪಾ, ಒಲೆ ಎಲ್ಲಿ ಹಾಕಿದ್ರು? ಸಪರ್ ಮಾಮಂಗೆ ಹೇಳಿದ್ರಿ ತಾನೇ?"

"ಹೇಳಿದೆ ಕಣೆ. ಹಿಪ್ಪುನೇರಳೆ ಮರದ ಹತ್ರ ಹಾಕಿದ್ದಾರೆ."

"ಕುಂಟಿ ಕಡೆಗೆ ಯಾರನ್ನೂ ಬಿಡಬೇಡಿ. ಮೇಲೆ ಕುರ್ಚಿ ಮೇಜು ಹಾಕಿಬಿಟ್ಟಾರು."

"ನೀನು ನಿನ್ನ ಕೆಲಸ ನೋಡ್ಕೊಳೆ. ನಾನಿಲ್ವಾ?"

ಅವಳು ನಿರಾಳವಾಗಿ ಹೊಲಿಗೆಯವಳ ಕಡೆ ತಿರುಗಿದಳು. ಅವನು ಹೊರಗೆ ಬಂದು ಬಾಗಿಲಲ್ಲಿ ನಿಂತ. ಆಗಲೂ ಸಮಯವಿತ್ತು. ಬೆಂಕಿ ಹಚ್ಚಿರಲಿಲ್ಲ.

ಬೆಂಕಿ ಅಂದು ಸಂಜೆ ಹತ್ತಿತು. ಮದುವೆಯ ಬೆಳಗಿನ ಪಲಾವಿಗೆ ಒಮ್ಮೆ, ಮಧ್ಯಾಹ್ನದ ಸಾರಿಗೆ ಒಮ್ಮೆ, ಸಂಜೆಯ ನೆಂಟರಿಗೆ ಇನ್ನೊಮ್ಮೆ, ಮರುದಿನ ಬೀಗರು ಹೊರಡುವವರೆಗೂ ಅದು ಆರಲಿಲ್ಲ. ಮಂಡಿಯಾಳದ ಆ ಒಲೆಯೊಳಗೆ ಸಕ್ಸೌಲ್ ಗಿಡದ ಸೌದೆಯ ಕೆಂಡ ಬೆಳ್ಳಗೆ ಕಾದಿತ್ತು. ನಿದ್ದೆಯಲ್ಲಿರುವ ಆಮೆಗೆ ಕೆಳಗೆ ಬೆಚ್ಚಗಾದರೆ ವಸಂತ ಬಂತೆಂದೇ ಲೆಕ್ಕ. ಅದು ಎದ್ದು ಮೇಲಕ್ಕೆ ತೋಡತೊಡಗುತ್ತದೆ. ಇದು ಎಗಂಬೆರ್ದಿಗೆ ಗೊತ್ತಿತ್ತು. ಎಲ್ಲ ಮುಗಿದಮೇಲೆ ಕೇರಿಯವರು ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿಯೇ ಹೋದರು. ಕೆಂಡದ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದರು, ಗುಂಡಿಗೆ ಜೇಡಿಮಣ್ಣು ತುಂಬಿದರು, ಮಕ್ಕಳು ಎಡವದಿರಲೆಂದು ದಿಮ್ಮಿಯಿಂದ ಬಡಿದು ಬಡಿದು ಸಮ ಮಾಡಿದರು. "ನೋಡು, ನಿನ್ನ ಹಿತ್ತಲು ಮೊದಲಿಗಿಂತ ಚೆನ್ನಾಗಾಯ್ತು" ಎಂದ ಸಪರ್, ಕೈ ಕೊಡವುತ್ತ. ಎಗಂಬೆರ್ದಿ ಎದೆಯ ಮೇಲೆ ಕೈಯಿಟ್ಟು ಉಪಕಾರ ನೆನೆದ.

ಮರುದಿನವೇ ತೋಡಬಹುದಿತ್ತು. ಮನೆ ತುಂಬ ನೆಂಟರಿದ್ದರು. ಅವರು ಹೋದಮೇಲೆ ಹಿಮ ಬಿತ್ತು. ಹಿಮದಲ್ಲಿ ಮಲಗಿದ ಆಮೆಯನ್ನು ಹೊರತೆಗೆದರೆ ಬದುಕಿರುವುದೂ ಸಾಯುತ್ತದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳೂ ಅಲ್ಲ. ಆ ಅರ್ಧ ನಿಜವನ್ನೇ ಹೊದ್ದುಕೊಂಡು ಅವನು ಚಳಿಗಾಲ ಕಳೆದ.

ಮಗಳು ಗಂಡನ ಊರು ಕರ್ಮಾನಾದಿಂದ ವಾರವಾರ ಫೋನ್ ಮಾಡುತ್ತಿದ್ದಳು. ತಾಯಿಯ ಜೊತೆ ಮಾತು ಮುಗಿದಮೇಲೆ ಅವನನ್ನು ಕೇಳುತ್ತಿದ್ದಳು.

"ಅಪ್ಪಾ, ಎಲ್ಲ ಹೇಗಿವೆ?"

"ಮಲಗಿವೆ ಕಣೆ."

"ತಗಡಿನ ಮೇಲೆ ಹಿಮ ತೆಗೆದ್ರಾ? ಕರಗಿದ್ರೆ ನೀರು ಒಳಗೆ ಇಳಿಯುತ್ತೆ."

ಆ ತಗಡನ್ನು ಒಲೆಗೆ ಅಡ್ಡವೆಂದು ಸಪರ್‌ನ ಹುಡುಗರು ಮದುವೆಗೆ ಮುಂಚೆಯೇ ಬಿಚ್ಚಿಟ್ಟಿದ್ದರು. "ತೆಗೆದೆ" ಎನ್ನುತ್ತಿದ್ದ. ಫೋನಿಟ್ಟು ಹಿತ್ತಲಿಗೆ ಹೋಗುತ್ತಿದ್ದ. ಬಿಳಿ ಹಿಮದ ನಡುವೆ ಒಲೆಯಿದ್ದ ಜಾಗ ಮಾತ್ರ ಬೇರೆ ಥರ ಕಾಣುತ್ತಿತ್ತು, ಅಲ್ಲಿ ಹಿಮ ಒಂದಿಷ್ಟು ತಗ್ಗಾಗಿ ಕೂತಿರುತ್ತಿತ್ತು. ಅವನು ಅದರ ಸುತ್ತ ಬಳಸಿ ನಡೆಯುತ್ತಿದ್ದ. ಮೇಲೆ ಒಮ್ಮೆಯೂ ಕಾಲಿಡಲಿಲ್ಲ.

ಮಾರ್ಚ್ ಮೊದಲಲ್ಲಿ ಬೆಚ್ಚನೆಯ ಮಳೆ ಬಂತು. ಮರುದಿನ ಗಂಡಾಮೆಗಳ ಅಂಗಳದಲ್ಲಿ ಮಣ್ಣು ಉಬ್ಬಿ, ಬಿರಿದು, ಎರಡೂ ಮೇಲೆ ಬಂದವು. ಮೈತುಂಬ ಮಣ್ಣು, ಕಣ್ಣು ಅರ್ಧ ತೆರೆದಿತ್ತು. ಅನೋರ್‌ಗುಲ್ ಕಿಟಕಿಯಿಂದಲೇ ಕೂಗಿದಳು. "ಏನ್ರೀ, ನಿಮ್ಮ ಅಳಿಯಂದಿರು ಎದ್ದಿದ್ದಾರೆ! ಹೆಂಗಸರು ಇನ್ನೂ ಗೊರಕೆ ಹೊಡೀತಿದ್ದಾರಾ?"

"ಹ್ಞೂಂ, ತಡವಾಗುತ್ತೆ."

ತಡವಾಗುವುದಿಲ್ಲ. ಹೆಚ್ಚೆಂದರೆ ಒಂದು ವಾರ. ವಾರವಾಯಿತು, ಇನ್ನೊಂದು ವಾರವೂ ಆಯಿತು. ಗಂಡುಗಳು ಹೊಸ ಹುಲ್ಲು ಮೇಯುತ್ತ, ಕಟ್ಟೆಗೆ ಗುದ್ದುತ್ತ ಅಡ್ಡಾಡಿದವು. ಪೂರ್ವದ ಗೋಡೆಯ ಬದಿಯ ನೆಲ ಬಡಿದಿಟ್ಟ ಹಾಗೆಯೇ ಇತ್ತು, ಒಂದು ಹುಲ್ಲೂ ಮೊಳೆತಿರಲಿಲ್ಲ. ಎಗಂಬೆರ್ದಿ ದಿನಾ ಬೆಳಿಗ್ಗೆ ಸಲಿಕೆ ತೆಗೆದುಕೊಂಡು ಹೋಗಿ ಹಿಪ್ಪುನೇರಳೆ ಮರಕ್ಕೆ ಒರಗಿಸಿ ವಾಪಸು ಬರುತ್ತಿದ್ದ. ಮಗಳು ಬರುತ್ತಾಳೆ, ಅಷ್ಟರೊಳಗೆ ತೋಡಿ ನೋಡಬೇಕು. ಮಗಳು ಬರುತ್ತಾಳೆ, ಅಲ್ಲಿಯವರೆಗೆ ಇರಲಿ. ಎರಡೂ ಮಾತು ಅವನಿಗೆ ಒಂದೇ ದಿನ ಹೊಳೆಯುತ್ತಿದ್ದವು.

ವಸಂತದ ಹೊಸವರ್ಷ ನವ್ರೂಜ್ ಹಬ್ಬದ ಹಿಂದಿನ ದಿನ ಜುಲ್ಹುಮೋರ್ ಗಂಡನ ಮನೆಯಿಂದ ಬಂದಳು. ಆ ದಿನ ಕೇರಿಯ ಹೆಂಗಸರು ಒಂದು ಮನೆಯಲ್ಲಿ ಸೇರಿ, ಮೊಳಕೆ ಗೋಧಿಯ ರಸವನ್ನು ದೊಡ್ಡ ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ತೊಳಸಿ ಸುಮಲಕ್ ಎಂಬ ಪಾಯಸ ಮಾಡುತ್ತಾರೆ. ಹೊಸದಾಗಿ ಮಗಳನ್ನು ಕೊಟ್ಟ ಮನೆಯೆಂದು ಈ ವರ್ಷ ಎಗಂಬೆರ್ದಿಯ ಹಿತ್ತಲೇ ಗೊತ್ತಾಗಿತ್ತು. ಸಪರ್‌ನ ಹೆಂಡತಿ ಖಾನಿಫಾ ಸೌದೆಯ ಹೊರೆ, ಇಟ್ಟಿಗೆ, ಆರೇಳು ಹೆಂಗಸರ ಸಮೇತ ಬಂದಿಳಿದಳು.

"ಒಲೆಗೆ ಜಾಗ ಹುಡುಕೋದೇ ಬೇಡ ಕಣ್ರೇ" ಎಂದಳು, ಸೀದಾ ಪೂರ್ವದ ಗೋಡೆಯ ಕಡೆ ನಡೆಯುತ್ತ. "ನಮ್ಮೆಜಮಾನ್ರು ಮದುವೇಲಿ ಹಾಕಿದ್ದ ಜಾಗ ಇದೆಯಲ್ಲ, ಅಲ್ಲೇ ಹೂಡೋಣ. ಮಣ್ಣು ಬಡಿದು ಗಟ್ಟಿಯಾಗಿದೆ, ಒಲೆ ಕೂತಂಗೆ ಕೂರುತ್ತೆ."

ಅವಳು ತಲೆಯ ಮೇಲಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿ ನೆಲದ ಮೇಲೆ ದುಂಡಗೆ ಜೋಡಿಸಿದಳು. ಜುಲ್ಹುಮೋರ್ ಚಹಾದ ಬಟ್ಟಲು ಹಿಡಿದು ಮನೆಯೊಳಗಿಂದ ಬರುತ್ತಿದ್ದವಳು ಮೆಟ್ಟಿಲ ಮೇಲೇ ನಿಂತಳು. ಖಾನಿಫಾಳ ಮಾತು ಅವಳಿಗೆ ಕೇಳಿಸಿತ್ತು. ಅವಳು ಆ ಜಾಗ ನೋಡಿದಳು, ಹಿಪ್ಪುನೇರಳೆ ಮರದ ಕಡೆ ನೋಡಿದಳು, ಆಮೇಲೆ ಅಪ್ಪನನ್ನು.

ಎಗಂಬೆರ್ದಿ ಸೌದೆ ಸೀಳುತ್ತಿದ್ದ. ಕೊಡಲಿ ಕೆಳಗಿಟ್ಟ. ಒಬ್ಬಳು ಒಣಹುಲ್ಲು ತಂದು ಇಟ್ಟಿಗೆಗಳ ನಡುವೆ ಹಾಕಿದಳು, ಇನ್ನೊಬ್ಬಳು ಬೆಂಕಿಪೊಟ್ಟಣಕ್ಕೆ ಸೊಂಟ ತಡಕಿದಳು.

"ಬೇಡ" ಎಂದ.

ಗಂಡಸು ಸುಮಲಕ್ ಒಲೆಯ ಹತ್ತಿರ ಬರುವುದೇ ಅಪರೂಪ. ಖಾನಿಫಾ ಸೊಂಟದ ಮೇಲೆ ಕೈಯಿಟ್ಟಳು. "ಏನು ಬೇಡ ಎಗಂಬೆರ್ದಿ ಅಣ್ಣ? ಪಾಯಸ ಬೇಡ್ವಾ? ಹಾಗಾದ್ರೆ ನಿಮ್ಮ ಪಾಲು ನಂಗಿರಲಿ."

ಹೆಂಗಸರು ನಕ್ಕರು. ನವೆಂಬರ್‌ನ ಆ ನಗೆಯೇ ಮತ್ತೆ ಬಂದಂತಾಯಿತು. ಈ ಸಲ ಅವನು ಒಲೆಯ ಮಧ್ಯಕ್ಕೇ ಹೋಗಿ ನಿಂತ. ಆ ನೆಲದ ಮೇಲೆ ಅವನು ಕಾಲಿಟ್ಟದ್ದು ಅದೇ ಮೊದಲು.

"ಇದರ ಕೆಳಗೆ ಆಮೆಗಳಿವೆ. ಮದುವೆ ದಿನಾನೂ ಇದ್ವು. ನಾನು ಹೇಳ್ಲಿಲ್ಲ."

ಯಾರೂ ನಗಲಿಲ್ಲ. ಅನೋರ್‌ಗುಲ್ ಕೈಯಲ್ಲಿದ್ದ ಗೋಧಿಯ ಪಾತ್ರೆಯನ್ನು ಕೆಳಗಿಟ್ಟಳು. "ಮೇಲೆ ಒಲೆ ಹಾಕ್ತಿದ್ದಾರೆ ಅಂತ ಆವತ್ತು ನಾನೂ ನೋಡಿದೆ ಕಣ್ರೀ" ಎಂದಳು ನಿಧಾನವಾಗಿ. "ಆಮೆ ವಿಷಯ ನಿಮಗಿಂತ ಇನ್ಯಾರಿಗೆ ಗೊತ್ತು? ನೀವು ಸುಮ್ಮನಿದ್ರಿ. ನೀವು ಸುಮ್ಮನಿದ್ದದ್ದಕ್ಕೇ ಅಡ್ಡಿ ಇಲ್ಲ ಅಂದ್ಕೊಂಡೆ."

ಜುಲ್ಹುಮೋರ್ ಮೆಟ್ಟಿಲಿಳಿದು ಬಂದಳು. "ಮರದ ಹತ್ರ ಹಾಕಿದ್ದಾರೆ ಅಂದ್ರಿ."

"ಅಂದೆ."

"ಚಳಿಗಾಲ ಪೂರ್ತಿ ಕೇಳಿದೆ ನಿಮ್ಮನ್ನ."

"ಕೇಳಿದೆ."

ಅವಳು ಬಟ್ಟಲನ್ನು ಕಟ್ಟೆಯ ಮೇಲಿಟ್ಟು, ಹಿಪ್ಪುನೇರಳೆ ಮರಕ್ಕೆ ಒರಗಿಸಿದ್ದ ಸಲಿಕೆ ತಂದಳು. ಖಾನಿಫಾ ಇಟ್ಟಿಗೆಗಳನ್ನು ಎತ್ತಿಕೊಂಡು ಹೆಂಗಸರನ್ನು ಮರದ ಆಚೆಗೆ ಕರೆದೊಯ್ದಳು. ಮಗಳ ಕೈಯಿಂದ ಎಗಂಬೆರ್ದಿ ಸಲಿಕೆ ಇಸಿದುಕೊಂಡ.

ಗುಂಡಿಗೆ ತುಂಬಿದ್ದ ಜೇಡಿಯನ್ನು ಎತ್ತಿಹಾಕಿದಮೇಲೆ ಸಿಕ್ಕ ಸುಟ್ಟ ಮಣ್ಣು ಸಲಿಕೆಗೆ ಜಗ್ಗಲಿಲ್ಲ. ಹಾರೆ ತಂದು ಮೀಟಿದ. ಹೆಂಚಿನಂತೆ ಕೆಂಪಗಾಗಿದ್ದ ಗಟ್ಟಿ ಪದರವೊಂದು ಎದ್ದು ಬಂತು. ಜುಲ್ಹುಮೋರ್ ಅದನ್ನು ಮಗುಚಿ ನೋಡಿದಳು. ಅಡಿಭಾಗದಲ್ಲಿ ಗೀರುಗಳಿದ್ದವು, ಒತ್ತೊತ್ತಾಗಿ, ಒಂದೇ ಜಾಗದಲ್ಲಿ, ಉಗುರಿನ ಅಗಲದವು. ಅವಳು ಬೆರಳಿಟ್ಟು ನೋಡಿ ಪದರವನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು.

ಅದರ ಕೆಳಗೇ ಕುಂಟಿ ಇತ್ತು. ಮುಂಗಾಲೆರಡೂ ಮೇಲಕ್ಕೆ ಚಾಚಿದ್ದವು, ತಲೆ ಮೇಲಕ್ಕೇ ಇತ್ತು. ಬೆಚ್ಚಗಾದೊಡನೆ ವಸಂತವೆಂದು ಎದ್ದು ಬಂದಿತ್ತು. ಸತ್ತು ತಿಂಗಳುಗಳೇ ಆಗಿದ್ದವು. ಎಗಂಬೆರ್ದಿ ಅದನ್ನು ಎರಡೂ ಕೈಯಿಂದ ಎತ್ತಿದ. ಹೆಬ್ಬೆರಳಿಗೆ ಬಲಗಡೆಯ ಏಣು ಸಿಕ್ಕಿತು.

ಸುದ್ದಿ ಕೇಳಿ ಸಪರ್ ಬಂದ. ಗುಂಡಿ ನೋಡಿದ, ಹುಲ್ಲಿನ ಮೇಲೆ ಮಲಗಿಸಿದ್ದ ಆಮೆ ನೋಡಿದ. ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಲೋ ಎಗಂಬೆರ್ದಿ, ಒಂದು ಮಾತು ಹೇಳೋಕಾಗಲಿಲ್ವೇನೋ? ಮರದ ಆಚೆಗೆ ಹೂಡ್ತಿದ್ದೆ. ಹೊಗೆ ಒಂಚೂರು ಮನೆ ಕಡೆ ಬರೋದು, ಅಷ್ಟೇ. ಕೆಮ್ಮಿಕೊಂಡು ತಿಂತಿದ್ರು."

"ನೀನು ನಗಾಡ್ತಿದ್ದೆ."

"ನಾನು ಯಾರನ್ನ ನೋಡಿ ನಗಲ್ಲ ಹೇಳು? ನನ್ನ ತಂಗಿ ಮದುವೇಲಿ ನಮ್ಮಪ್ಪನ್ನ ನೋಡೇ ನಕ್ಕಿದ್ದೀನಿ. ನಗಾಡಿ ಆಮೇಲೆ ಒಲೆ ಎತ್ತಿ ಆ ಕಡೆ ಹಾಕ್ತಿದ್ದೆ." ಅವನು ಸಲಿಕೆಗೆ ಕೈಚಾಚಿದ. "ತಾ ಇಲ್ಲಿ. ಉಳಿದದ್ದು ನಾನು ತೋಡ್ತೀನಿ. ನೀನು ಹೊರಗೆ ಕೂತ್ಕೋ."

ಎಗಂಬೆರ್ದಿ ಸಲಿಕೆಯನ್ನು ಬಿಡಲಿಲ್ಲ.

"ಬೇಡ ಸಪರ್ ಅಣ್ಣ. ತಳದ್ದು ನಾನೇ ತೆಗೀತೀನಿ."

ಒಂದಿಷ್ಟು ಆಳ ಹೋದಮೇಲೆ ಅವನು ಸಲಿಕೆ ಬಿಟ್ಟು ಕೈಯಿಂದ ತೋಡಿದ, ಚಿಪ್ಪಿಗೆ ಕಬ್ಬಿಣ ತಗುಲದಿರಲೆಂದು. ಗೋಡೆಯ ಪಾಯದ ಮಗ್ಗುಲಲ್ಲಿ ಬಿಲವೊಂದು ಓರೆಯಾಗಿ ಆಳಕ್ಕಿಳಿದಿತ್ತು. ಅದರ ಕೊನೆಗೆ, ಬೆಂಕಿಯ ಕಾವು ತಲುಪದ ತಣ್ಣನೆಯ ಮಣ್ಣಿನಲ್ಲಿ, ಮೂರು ಆಮೆಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಮೊದಲನೆಯದನ್ನು ಎತ್ತಿ ಅಂಗೈಯಲ್ಲಿಟ್ಟಾಗ ಕಾಲು ಒಳಕ್ಕೆ ಎಳೆದುಕೊಂಡಿತು. ಜುಲ್ಹುಮೋರ್ ಒಂದೊಂದನ್ನೇ ಇಸಿದುಕೊಂಡು ಶಾಲಿನಲ್ಲಿ ಸುತ್ತಿದಳು, ಕೈಯಲ್ಲಿ ತೂಗಿ ಭಾರ ನೋಡಿದಳು, ಮೂಗು ನೋಡಿದಳು. ತಾಯಿಯಿಂದ ಬೋಗುಣಿಯಲ್ಲಿ ಉಗುರುಬೆಚ್ಚನೆ ನೀರು ತರಿಸಿ, ಕತ್ತಿನ ಮಟ್ಟ ಬರದಂತೆ ನೋಡಿಕೊಂಡು ಕೂರಿಸಿದಳು. ಒಂದು ಮೆಲ್ಲಗೆ ತಲೆ ಇಳಿಸಿ ನೀರು ಕುಡಿಯಿತು.

"ಇನ್ನೊಂದು?" ಎಂದ ಗುಂಡಿಯೊಳಗಿಂದ.

"ಸಾಕು ಬಿಡಿ ಅಪ್ಪಾ. ಮೋಡ ಕಟ್ಟಿದೆ."

ಅವನು ತೋಡುತ್ತಲೇ ಇದ್ದ. ಅಂದು ಕೆಂಡದ ಮೇಲೆ ಸುರಿದ ನೀರು ಇಳಿದ ಜಾಗ ಸಿಕ್ಕಿತು. ಅಲ್ಲಿ ಮಣ್ಣು ಕಪ್ಪಗೆ, ಜಿಗುಟಾಗಿ, ವಾಸನೆ ಬರುತ್ತಿತ್ತು. ಐದನೆಯದು ಆ ಕೆಸರಿನಲ್ಲಿತ್ತು. ಅದು ಮೇಲಕ್ಕೆ ಬರಲು ಎದ್ದೇ ಇರಲಿಲ್ಲ. ಚಿಪ್ಪು ಮೆತ್ತಗಾಗಿತ್ತು, ಅಂಚು ಬೆರಳಿಗೆ ಕಳಚಿಕೊಂಡಿತು. ಅವನು ಮುಖ ತಿರುಗಿಸಲಿಲ್ಲ. ಬೇರೆಯವರಿಗೆ ದಾಟಿಸಲೂ ಇಲ್ಲ. ಕಳಚಿದ ಚೂರುಗಳನ್ನೂ ಬಿಡದೆ ಆಯ್ದು, ಅದನ್ನು ತಂದು ಕುಂಟಿಯ ಪಕ್ಕದಲ್ಲಿ ಇಟ್ಟ. ಮತ್ತೆ ಗುಂಡಿಗಿಳಿದು ಕೈಯಾಡಿಸಿದ. ಕೆಳಗೆ ಯಾರೂ ತೋಡಿರದ ಗಟ್ಟಿ ನೆಲವಷ್ಟೇ ಇತ್ತು.

ಅವನು ಮೇಲೆ ಬಂದಾಗ ಹೆಂಗಸರು ಹಿಪ್ಪುನೇರಳೆಯ ಆಚೆ ಒಲೆ ಹಚ್ಚಿದ್ದರು. ಹೊಗೆ ಮನೆಯ ಕಡೆಗೇ ಬರುತ್ತಿತ್ತು. ಯಾರೋ ಕೆಮ್ಮಿದರು. ಜುಲ್ಹುಮೋರ್ ತಂಬಿಗೆಯಲ್ಲಿ ನೀರು ತಂದು ಅವನ ಕೈ ಮೇಲೆ ಸುರಿದಳು. ಮೊದಲು ಕೆಸರು ಇಳಿಯಿತು, ಆಮೇಲೆ ಬೂದಿ, ಆಮೇಲೆ ಬರೀ ನೀರು. ತಂಬಿಗೆ ಖಾಲಿಯಾಗುವವರೆಗೂ ಅವಳು ಅವನ ಮುಖ ನೋಡಲಿಲ್ಲ.

"ಈ ಮೂರನ್ನೂ ನಾನು ಕರ್ಕೊಂಡು ಹೋಗ್ತೀನಿ" ಎಂದಳು.

"ಕರ್ಮಾನಾಕ್ಕಾ? ನಿಮ್ಮತ್ತೆ ಏನಂತಾರೋ. ಹೊಸ ಸೊಸೆ ನೀನು. ಅಂಗಳದಲ್ಲಿ ಆಮೆಗೆ ಜಾಗ ಕೊಡಿ ಅಂತ ಹೇಗೆ..."

"ಕೇಳ್ತೀನಿ. ನಂಗೆ ಬಾಯಿದೆ."

ಅವನು ಒದ್ದೆ ಕೈಗಳನ್ನು ಹಾಗೇ ಮುಂದಕ್ಕೆ ಚಾಚಿಕೊಂಡು ನಿಂತಿದ್ದ. "ಇಟ್ಟಿಗೆ ಒಂದು ಮೊಳ ಕೆಳಗಿಳಿಸ್ಬೇಕು. ಮೂಲೆ ಬಿಡಬಾರದು. ಅಲ್ಲಿನ ಮಣ್ಣು ಬರೀ ಮರಳು, ಜೇಡಿ ಕಲಸ್ಬೇಕಾಗುತ್ತೆ."

"ಗೊತ್ತು."

"ಪೆಟ್ಟಿಗೆ ನಾನು ಮಾಡಿಕೊಡ್ತೀನಿ."

ಅವಳು ಬೇಡವೆನ್ನಲಿಲ್ಲ. ಎಗಂಬೆರ್ದಿ ಉಗ್ರಾಣದಿಂದ ಹಲಗೆ, ಮೊಳೆ, ಗರಗಸ ತಂದು ಗುಂಡಿಯ ಅಂಚಿನಲ್ಲಿ ಕೂತ. ಮೂರು ಆಮೆಗಳಿಗೆ ಮೂರು ಬೇರೆ ಬೇರೆ ಕೋಣೆ ಇರುವ ಪೆಟ್ಟಿಗೆ, ಒಂದರ ಮೇಲೊಂದು ಬೀಳದ ಹಾಗೆ. ಒಳಗೆಲ್ಲೂ ಮೊಳೆಯ ತುದಿ ಚಾಚಿಲ್ಲವೆಂದು ಅಂಗೈ ಸವರಿ ನೋಡಿದ. ತಳಕ್ಕೆ ಒಣಹುಲ್ಲು ಹಾಸಿ, ಪೆಟ್ಟಿಗೆಯನ್ನು ಬೆಳಕಿಗೆ ವಾಲಿಸಿ, ಬಗ್ಗಿ ಮತ್ತೊಮ್ಮೆ ತಳ ನೋಡಿದ.